ರೋಮನ್ ಕಾಲದ ಪುಟ್ಟ ಕಂಚಿನ ನಾಣ್ಯಗಳು: ಯಾವ ರಾಜ, ಯಾವ ವರ್ಷ? ಗುರುತಿಸಲು ಸಹಾಯ ಬೇಕು

ಯಾರ್ಕ್‌ಷೈರ್ ಕನ್ನಡತಿ (ಶನಿವಾರ, ಬೆಳಿಗ್ಗೆ 10:12)

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲೊಂದು ನಾಣ್ಯ ಮೇಳಕ್ಕೆ ಹೋಗಿದ್ದೆ. ಮಣ್ಣು ಹಿಡಿದ ಇಪ್ಪತ್ತು ರೋಮನ್ ನಾಣ್ಯಗಳ ಒಂದು ಪುಟ್ಟ ಚೀಲ ಕೊಂಡೆ. ಎಲ್ಲಾ ಬಾಲ್ಕನ್ ಕಡೆ ಒಂದೇ ಜಾಗದಲ್ಲಿ ಸಿಕ್ಕಿದ್ದು ಅಂತ ಮಾರಿದವರು ಹೇಳಿದರು. ಹದಿನೈದರಲ್ಲಿ ಏನೂ ಕಾಣುವುದಿಲ್ಲ. ಐದರಲ್ಲಿ ಮಾತ್ರ ಸ್ವಲ್ಪ ಚಿತ್ರ ಇದೆ. ಫೋಟೋ ಹಾಕಿದ್ದೇನೆ.

ಮೊದಲನೆಯದರಲ್ಲಿ ಇಬ್ಬರು ಸೈನಿಕರು, ನಡುವೆ ಎರಡು ಕಂಬ. ಎರಡನೆಯದೂ ಹಾಗೇ, ಆದರೆ ಕಂಬ ಒಂದೇ. ಮೂರನೆಯದರಲ್ಲಿ ತೋಳ, ಕೆಳಗೆ ಎರಡು ಮಕ್ಕಳು. ನಾಲ್ಕನೆಯದರಲ್ಲಿ ಒಬ್ಬ ಈಟಿಯಿಂದ ಕುದುರೆ ಸವಾರನನ್ನು ತಿವಿಯುತ್ತಿದ್ದಾನೆ. ಐದನೆಯದು ತೀರಾ ಚಿಕ್ಕದು, ಹುಣಸೆಬೀಜದಷ್ಟು. ಅದರಲ್ಲಿ ರೆಕ್ಕೆಯಿರುವ ದೇವತೆಯೊಬ್ಬಳು ಏನನ್ನೋ ಎಳೆದುಕೊಂಡು ಹೋಗುತ್ತಿದ್ದಾಳೆ.

ಎರಡು ದಿನದಿಂದ ಮುಖ ನೋಡಿ ನೋಡಿ ಸಾಕಾಯಿತು. ಎಲ್ಲಾ ರಾಜರೂ ಒಂದೇ ಥರ ಇದ್ದಾರೆ. ಮೊದಲನೆಯದರಲ್ಲಿ ಕಾನ್‌ಸ್ಟಾಂಟೈನ್ ಅಂತ ಓದಲು ಬರುತ್ತದೆ. ಅವನೇ ದೊಡ್ಡ ಕಾನ್‌ಸ್ಟಾಂಟೈನ್ ಅಲ್ವಾ?

ತೂಕದಕಲ್ಲು (10:31)

ತೂಕ ಎಷ್ಟು? ಅಗಲ ಎಷ್ಟು?

ಯಾರ್ಕ್‌ಷೈರ್ ಕನ್ನಡತಿ (10:40)

ಅಗಲ ಅಳೆದಿದ್ದೇನೆ: 18, 15, 17, 18, 12 ಮಿಲಿಮೀಟರ್. ಅಡುಗೆಮನೆ ತಕ್ಕಡಿ ಬರೀ ಪೂರ್ತಿ ಗ್ರಾಂ ತೋರಿಸುತ್ತದೆ. ಚಿನ್ನ ತೂಗುವಂಥ ಪುಟ್ಟದೊಂದನ್ನು ಇವತ್ತೇ ತರಿಸುತ್ತೇನೆ.

ಭೂತಗನ್ನಡಿ (11:05)

ಮೇಡಂ, ನೀವು ತಪ್ಪು ಬದಿ ನೋಡುತ್ತಿದ್ದೀರಿ. ನಾನೂ ಮೊದಲ ಒಂದು ವರ್ಷ ಮುಖವನ್ನೇ ನೋಡಿ ಕಾಲ ಕಳೆದೆ, ಅದಕ್ಕೇ ಹೇಳುತ್ತಿದ್ದೇನೆ. ನಾಲ್ಕನೇ ಶತಮಾನದ ಈ ನಾಣ್ಯಗಳಲ್ಲಿ ಮುಖ ಅಂದರೆ ಭಾವಚಿತ್ರ ಅಲ್ಲ, ಅಚ್ಚುಮಾದರಿ. ಮೊದಲು ನಾಣ್ಯ ತಿರುಗಿಸಿ ಹಿಂಬದಿಯ ಚಿತ್ರ ನೋಡಿ. ಚಿತ್ರ ಗೊತ್ತಾದರೆ ಐದು ಹತ್ತು ವರ್ಷದ ಒಳಗೆ ಬಂದುಬಿಡುತ್ತೀರಿ. ಆಮೇಲೆ ಕೆಳಗಿನ ಅಡ್ಡಗೆರೆಯ ಅಡಿಯಲ್ಲಿರುವ ಅಕ್ಷರ ನೋಡಿ, ಅದು ಟಂಕಸಾಲೆಯ ಗುರುತು. ರಾಜನ ಹೆಸರು ಕೊನೆಗೆ.

ನಿಮ್ಮ ಒಂದನೆಯದು ಮತ್ತು ಎರಡನೆಯದು ಇದಕ್ಕೆ ಒಳ್ಳೇ ಉದಾಹರಣೆ. ಎರಡರಲ್ಲೂ ಸುತ್ತ ಬರೆದಿರುವುದು 'ಗ್ಲೋರಿಯಾ ಎಕ್ಸರ್ಸಿಟಸ್', ಅಂದರೆ ಸೈನ್ಯದ ಕೀರ್ತಿ. ನಡುವೆ ಇರುವುದು ಸುಮ್ನೆ ಕಂಬ ಅಲ್ಲ, ದಂಡಿನ ಬಾವುಟ. ಎರಡು ಬಾವುಟ ಇದ್ದರೆ 330ರಿಂದ 335. ಒಂದೇ ಇದ್ದರೆ ಅದರ ಮುಂದಿನದು, ಹೆಚ್ಚುಕಡಿಮೆ 341ರವರೆಗೆ. ಯಾಕೆ ಒಂದಾಯಿತು? ಬಿಲ್ಲೆ ಚಿಕ್ಕದಾಯಿತು. ಎರಡೂವರೆ ಗ್ರಾಂ ಹತ್ತಿರ ಇದ್ದದ್ದು ಒಂದೂವರೆಯ ಆಸುಪಾಸಿಗೆ ಇಳಿಯಿತು. ಚಿತ್ರದಲ್ಲಿ ಜಾಗ ಸಾಲದೆ ಒಂದು ಬಾವುಟ ತೆಗೆದರು. ಬೆಲೆಯೇರಿಕೆ ಕಣ್ಣಿಗೇ ಕಾಣುತ್ತದೆ ನೋಡಿ.

ಲ್ಯಾಟಿನ್ ಕಲಿಯುವವಳು (11:22)

ಮೊದಲನೆಯದು ದೊಡ್ಡ ಕಾನ್‌ಸ್ಟಾಂಟೈನ್ ಅಲ್ಲ! ಫೋಟೋ ದೊಡ್ಡದು ಮಾಡಿ ನೋಡಿದೆ. ಹೆಸರಿನ ಮುಂದೆ 'ಐ ವಿ ಎನ್' ಅಂತ ಮೂರು ಅಕ್ಷರ ಇದೆ, ಆಮೇಲೆ ಒಂದು 'ಎನ್'. ಐವಿಎನ್ ಅಂದರೆ ಯೂನಿಯರ್, ಕಿರಿಯ. ಪೂರ್ತಿ ಓದಿದರೆ 'ಕಾನ್‌ಸ್ಟಾಂಟಿನಸ್ ಯೂನ್ ನೋಬ್ ಸಿ', ಕಿರಿಯ ಕಾನ್‌ಸ್ಟಾಂಟೈನ್, ಕುಲೀನ ಸೀಸರ್ (ಸೀಸರ್ ಅಂದರೆ ಇಲ್ಲಿ ಚಕ್ರವರ್ತಿಯ ಕೈಕೆಳಗಿನ ಕಿರಿಯ ರಾಜ). ಅಂದರೆ ಮಗ. ಅಪ್ಪನ ನಾಣ್ಯದಲ್ಲಿ 'ಮ್ಯಾಕ್ಸ್ ಅವ್ಗ್', ಅಂದರೆ ಮಹಾ ಚಕ್ರವರ್ತಿ ಅಂತ ಇರುತ್ತದೆ.

ಇನ್ನೊಂದು ಸುಳಿವು ತಲೆಯ ಮೇಲೆ ಇದೆ. ಮಗನ ತಲೆಗೆ ಎಲೆಯ ಹಾರ. ಅಪ್ಪ 324ರ ನಂತರ ಎಲೆಹಾರ ಬಿಟ್ಟು ಮುತ್ತು, ಹೂವಿನ ಪಟ್ಟಿ ಕಟ್ಟಲು ಶುರು ಮಾಡಿದ. ನಿಮ್ಮದರಲ್ಲಿ ಎಲೆ ಸ್ಪಷ್ಟವಾಗಿದೆ.

ನೆನಪಿರಲಿ, ಈ ಬರಹದಲ್ಲಿ 'ಯು' ಅಕ್ಷರವೇ ಇಲ್ಲ. 'ವಿ'ಯೇ ಯು.

ಯಾರ್ಕ್‌ಷೈರ್ ಕನ್ನಡತಿ (11:30)

ಅಯ್ಯೋ, ಆ ಮೂರು ಅಕ್ಷರವನ್ನು ಗೀರು ಅಂದುಕೊಂಡಿದ್ದೆ. ತುಂಬಾ ಥ್ಯಾಂಕ್ಸ್. ಅಡ್ಡಗೆರೆಯ ಕೆಳಗೆ 'ಎಸ್ ಎಂ ಟಿ ಎಸ್ ಎಫ್' ಅಂತ ಕಾಣುತ್ತದೆ. ಎಫ್ ಅಂದರೆ ಏನು?

ಭೂತಗನ್ನಡಿ (11:38)

ಅದು ಎಫ್ ಅಲ್ಲ, ಗ್ರೀಕ್ ಗಾಮಾ. ತಲೆಕೆಳಗಾದ ಎಲ್ ಥರ ಇರುತ್ತದೆ, ನಡುವಿನ ಗೆರೆ ಮಣ್ಣು. ಎಸ್ ಎಂ ಅಂದರೆ 'ಸಾಕ್ರಾ ಮೊನೆಟಾ', ರಾಜನ ಟಂಕಸಾಲೆ. ಟಿ ಎಸ್ ಅಂದರೆ ಥೆಸಲೊನೀಕಾ, ಈಗಿನ ಗ್ರೀಸ್‌ನ ಊರು. ಗಾಮಾ ಅಂದರೆ ಅಲ್ಲಿನ ಮೂರನೇ ಕಾರ್ಯಾಗಾರ. ಸಾವಿರದ ಏಳುನೂರು ವರ್ಷದ ಹಿಂದೆ ಯಾವ ಊರಿನ ಯಾವ ಕೋಣೆಯಲ್ಲಿ ಅಚ್ಚಾಯಿತು ಅಂತ ಹೇಳಬಹುದು. ನನಗೆ ಈ ಹುಚ್ಚು ಹಿಡಿದದ್ದೇ ಇದರಿಂದ.

ಹಂಚಿನಮನೆ (12:02)

ಇಷ್ಟೆಲ್ಲ ಕಷ್ಟ ಯಾಕೆ? ಹುಣಸೆಹಣ್ಣಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ತೆಂಗಿನ ನಾರಿನಲ್ಲಿ ಉಜ್ಜಿ. ತಾಮ್ರದ ಚೊಂಬು ಹೇಗೆ ಹೊಳೆಯುತ್ತದೋ ಹಾಗೆ ಹೊಳೆಯುತ್ತದೆ. ಅಕ್ಷರ ತಾನಾಗೇ ಕಾಣುತ್ತದೆ.

ಭೂತಗನ್ನಡಿ (12:04)

ಬೇಡ!! ದಯವಿಟ್ಟು ಬೇಡ.

ತೂಕದಕಲ್ಲು (12:06)

ಹುಣಸೆ, ನಿಂಬೆ, ವಿನೆಗರ್, ಪೀತಾಂಬರಿ, ಯಾವುದೂ ಬೇಡ.

ಕಾಸಿನಸರ (12:25)

ನಾನು ಅದನ್ನು ಮಾಡಿದ್ದೇನೆ, ಅದಕ್ಕೇ ವಿವರವಾಗಿ ಬರೆಯುತ್ತೇನೆ. ಕಾಲೇಜಿನಲ್ಲಿದ್ದಾಗ ಅಜ್ಜ ಎರಡು ರೋಮನ್ ತಾಮ್ರದ ನಾಣ್ಯ ಕೊಟ್ಟಿದ್ದರು. ಮನೆಯಲ್ಲಿ ಪೂಜೆ ಪಾತ್ರೆ ತಿಕ್ಕುವ ಹಾಗೆ ಒಂದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಹತ್ತು ನಿಮಿಷದಲ್ಲಿ ಹಸಿರು ಹೋಯಿತು. ಜೊತೆಗೆ ರಾಜನೂ ಹೋದ. ಕೈಯಲ್ಲಿ ಉಳಿದದ್ದು ಗುಲಾಬಿ ಬಣ್ಣದ ಒಂದು ಬಿಲ್ಲೆ, ತುಂಬಾ ಸಣ್ಣ ಸಣ್ಣ ಗುಳಿ. ಅಜ್ಜನಿಗೆ ತೋರಿಸಲು ಆಗಲಿಲ್ಲ. ಇನ್ನೊಂದು ಹಾಗೇ ಇದೆ, ಅದನ್ನು ಈಗಲೂ ಮುಟ್ಟಿಲ್ಲ.

ಆಗಿದ್ದೇನು ಅಂತ ಆಮೇಲೆ ತಿಳಿಯಿತು. ಇಷ್ಟು ಕಾಲ ಮಣ್ಣಲ್ಲಿದ್ದ ನಾಣ್ಯದ ಮೇಲ್ಮೈ ಲೋಹವಾಗಿ ಉಳಿದಿರುವುದಿಲ್ಲ. ಅದು ಕಿಲುಬಿನ ಗಟ್ಟಿ ಪದರ ಆಗಿರುತ್ತದೆ. ಅಕ್ಷರ, ಮುಖ ಎಲ್ಲಾ ಆ ಪದರದಲ್ಲೇ ನಿಂತಿರುತ್ತವೆ. ಹುಳಿ ಆ ಪದರವನ್ನೇ ಕರಗಿಸುತ್ತದೆ. ಚೊಂಬಿಗೆ ಒಳಗೆ ಲೋಹ ದಪ್ಪವಾಗಿದೆ, ಅದಕ್ಕೆ ಏನೂ ಆಗುವುದಿಲ್ಲ.

ಹಂಚಿನಮನೆ (12:41)

ಗೊತ್ತಿರಲಿಲ್ಲ. ಕ್ಷಮಿಸಿ. ಹಾಗಾದರೆ ತೊಳೆಯುವುದು ಹೇಗೆ?

ತೂಕದಕಲ್ಲು (12:58)

ಡಿಸ್ಟಿಲ್ಡ್ ವಾಟರ್. ಬ್ಯಾಟರಿಗೆ ಹಾಕುತ್ತಾರಲ್ಲ, ಅದು. ನಲ್ಲಿ ನೀರು ಬೇಡ. ಮುಚ್ಚಳವಿರುವ ಡಬ್ಬಿಯಲ್ಲಿ ನೆನೆಸಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ವಾರಗಟ್ಟಲೆ. ನಡುನಡುವೆ ಹಲ್ಲುಕಡ್ಡಿಯಿಂದ ಮೆಲ್ಲಗೆ ಮಣ್ಣು ಬಿಡಿಸಿ. ಲೋಹದ ಸೂಜಿ ಮುಟ್ಟಿಸಬೇಡಿ. ಮಣ್ಣಿನ ಕಂದು ಹೋಗಬೇಕು, ಗಟ್ಟಿ ಹಸಿರು ಅಥವಾ ಕಪ್ಪು ಉಳಿಯಬೇಕು.

ಒಂದು ಎಚ್ಚರಿಕೆ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಬೇರೆ. ಅದನ್ನು ಕಂಚಿನ ರೋಗ ಅನ್ನುತ್ತಾರೆ. ಒಳಗಿನ ಕ್ಲೋರೈಡ್ ತೇವ ಸಿಕ್ಕಾಗಲೆಲ್ಲ ಲೋಹ ತಿನ್ನುತ್ತಾ ಹೋಗುತ್ತದೆ. ಅಂಥ ನಾಣ್ಯವನ್ನು ತಕ್ಷಣ ಬೇರೆ ಇಡಿ, ಒಣಗಿಸಿಡಿ.

ಮಲೆನಾಡು ಮಳೆ (13:15)

ಆಲಿವ್ ಎಣ್ಣೆಯಲ್ಲಿ ಆರು ತಿಂಗಳು ಇಟ್ಟರೆ ಚೆನ್ನಾಗಿ ಬರುತ್ತದೆ. ನಾನು ಹಾಗೇ ಮಾಡುವುದು.

ತೂಕದಕಲ್ಲು (13:20)

ಎಣ್ಣೆಯಲ್ಲೂ ಸ್ವಲ್ಪ ಹುಳಿ ಇದೆ ಸರ್. ನಿಧಾನ ಅಷ್ಟೇ. ಆಮೇಲೆ ಆ ಜಿಡ್ಡು ತೆಗೆಯುವುದು ಇನ್ನೊಂದು ಕೆಲಸ.

ಮಲೆನಾಡು ಮಳೆ (13:24)

ಹತ್ತು ವರ್ಷದಿಂದ ಮಾಡುತ್ತಿದ್ದೇನೆ, ಒಂದೂ ಹಾಳಾಗಿಲ್ಲ. ನೀರಿನಿಂದ ಹೋಗದ ಗಟ್ಟಿ ಮಣ್ಣು ಎಣ್ಣೆಗೆ ಹೋಗಿದೆ. ನಾನಂತೂ ಬಿಡುವುದಿಲ್ಲ.

ದುರ್ಗದ ಕೋಟೆ (14:10)

ವಿಷಯ ಸ್ವಲ್ಪ ಬೇರೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿದೆ. ಅವೂ ಇದೇ ಥರದ್ದಾ?

ಮೇಷ್ಟ್ರು 57 (14:36)

ಅಲ್ಲಪ್ಪಾ. ಚಂದ್ರವಳ್ಳಿಯವು ಬೆಳ್ಳಿ ದಿನಾರಿಗಳು, ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಇಲ್ಲಿ ಮಾತಾಡುತ್ತಿರುವುದಕ್ಕಿಂತ ಮುನ್ನೂರು ವರ್ಷ ಹಿಂದಿನದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರಾಶಿಯೂ ಬೆಳ್ಳಿಯೇ. ಹಾನಗಲ್ ಹತ್ತಿರದ ಅಕ್ಕಿಆಲೂರಿನಲ್ಲಿ ಸಿಕ್ಕದ್ದು ಚಿನ್ನ. ನಮ್ಮ ಕಡೆ ರೋಮನ್ ಅಂದರೆ ಜಾಸ್ತಿ ಬೆಳ್ಳಿ, ಬಂಗಾರದ ಮಾತು.

ನಾಲ್ಕು ಐದನೇ ಶತಮಾನದ ಈ ಪುಟ್ಟ ತಾಮ್ರ ರಾಶಿಗಟ್ಟಲೆ ಸಿಗುವುದು ತಮಿಳುನಾಡಿನ ಕರೂರು, ಮದುರೈ ಕಡೆ, ಮತ್ತೆ ಶ್ರೀಲಂಕಾದಲ್ಲಿ. ಕರೂರಿನಲ್ಲಿ ಅಮರಾವತಿ ನದಿಯ ಮರಳಲ್ಲೇ ಸಿಕ್ಕಿವೆ.

ನೊಯ್ಯಲ್ ದಡ (15:02)

ನಾವು ಕೊಯಮತ್ತೂರಿನಲ್ಲಿರುವ ಕನ್ನಡದವರು. ಕರೂರಿನ ನಾಣ್ಯ ಕೈಯಲ್ಲಿ ಹಿಡಿದು ನೋಡಿದ್ದೇನೆ. ಸವೆದು ಸವೆದು ನುಣ್ಣಗಾಗಿರುತ್ತವೆ. ಬರೀ ರಾಜನ ಕತ್ತಿನ ಗೆರೆ, ಹಿಂದೆ ನಿಂತ ಮೂರು ಆಕಾರ. ಆ ಮೂರು ಆಕಾರವೇ ಸಾಕು: ಅದು ಮೂವರು ಚಕ್ರವರ್ತಿಗಳು ಒಟ್ಟಿಗೆ ನಿಂತಿರುವ ಚಿತ್ರ. ಆರ್ಕೇಡಿಯಸ್, ಹೊನೋರಿಯಸ್, ಚಿಕ್ಕ ಹುಡುಗ ಎರಡನೇ ಥಿಯೊಡೋಸಿಯಸ್. 402ರಿಂದ 408ರ ಒಳಗಿನದು. ಅಕ್ಷರ ಒಂದೂ ಬೇಕಿಲ್ಲ. ಭೂತಗನ್ನಡಿ ಸರ್ ಹೇಳಿದ ಮಾತು ನೂರಕ್ಕೆ ನೂರು ನಿಜ.

ಶ್ರೀಲಂಕಾದ ನಾಣ್ಯಗಳಲ್ಲಿ ಒಂದು ಕಷ್ಟ ಇದೆ. ಅಲ್ಲಿ ಇವನ್ನೇ ನೋಡಿ ಸ್ಥಳೀಯವಾಗಿ ನಕಲು ಅಚ್ಚು ಹಾಕಿದ್ದಾರೆ. ಅಕ್ಷರದ ಜಾಗದಲ್ಲಿ ಬರೀ ಗೆರೆ, ಚುಕ್ಕೆ. ಅದನ್ನು ಮೋಸದ ನಕಲಿ ಅನ್ನಬಾರದು. ಸಂತೆಯಲ್ಲಿ ಚಿಲ್ಲರೆ ಬೇಕಿತ್ತು, ಮಾಡಿಕೊಂಡರು.

ದುರ್ಗದ ಕೋಟೆ (15:09)

ನದಿಯಲ್ಲಿ ಸಿಕ್ಕರೆ ನಾವೇ ಇಟ್ಟುಕೊಳ್ಳಬಹುದಾ?

ಮೇಷ್ಟ್ರು 57 (15:20)

ಇಲ್ಲ. 1878ರ ನಿಧಿ ಕಾಯ್ದೆ ಇದೆ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಕಳಿಸುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ. ನಾಣ್ಯಕ್ಕಿಂತ ಅದು ಎಲ್ಲಿ ಸಿಕ್ಕಿತು ಅನ್ನುವುದೇ ದೊಡ್ಡ ಮಾಹಿತಿ. ಜೇಬಿಗೆ ಹಾಕಿಕೊಂಡರೆ ಅದು ಅಲ್ಲೇ ಸತ್ತುಹೋಗುತ್ತದೆ.

ಯಾರ್ಕ್‌ಷೈರ್ ಕನ್ನಡತಿ (15:44)

ಈ ಮಾತಿಗೆ ನನ್ನದೂ ಒಂದು ಪ್ರಶ್ನೆ. ತೋಳದ ನಾಣ್ಯದ ಕೆಳಗೆ 'ಟಿ ಆರ್ ಎಸ್' ಅಂತ ಓದಿದೆ. ಟ್ರಿಯರ್ ಅಲ್ವಾ? ಅದು ಈಗಿನ ಜರ್ಮನಿ. ಬಾಲ್ಕನ್ ಚೀಲಕ್ಕೆ ಹೇಗೆ ಬಂತು?

ಭೂತಗನ್ನಡಿ (16:03)

ಸರಿಯಾಗಿ ಓದಿದ್ದೀರಿ. ಟ್ರಿಯರ್, ಎರಡನೇ ಕಾರ್ಯಾಗಾರ. ಕೊನೆಯ ಎಸ್ ಅಂದರೆ 'ಸೆಕುಂಡಾ'. ಇದು 'ಉರ್ಬ್ಸ್ ರೋಮಾ' (ರೋಮ್ ನಗರ) ನಾಣ್ಯ, 330ರ ನಂತರದ್ದು. ಇದರ ಮುಂಬದಿಯಲ್ಲಿ ರಾಜ ಇಲ್ಲ, ಶಿರಸ್ತ್ರಾಣ ಹಾಕಿದ ರೋಮಾ ದೇವಿ, ಎಡಕ್ಕೆ ಮುಖ. ಹಿಂದೆ ರೋಮ್ ಕಟ್ಟಿದರು ಅಂತ ಕಥೆಯಿರುವ ಅವಳಿಗಳಾದ ರೋಮುಲಸ್, ರೀಮಸ್‌ಗೆ ಹಾಲೂಡಿಸುವ ತೋಳ, ಮೇಲೆ ಎರಡು ನಕ್ಷತ್ರ. ಇದರ ಜೋಡಿಯಾಗಿ 'ಕಾನ್‌ಸ್ಟಾಂಟಿನೋಪೊಲಿಸ್' ಅಂತ ಇನ್ನೊಂದಿದೆ, ಅದರಲ್ಲಿ ವಿಜಯದೇವತೆ ಹಡಗಿನ ಮೂತಿಯ ಮೇಲೆ ನಿಂತಿರುತ್ತಾಳೆ. ಹೊಸ ರಾಜಧಾನಿ 330ರಲ್ಲಿ ಉದ್ಘಾಟನೆ ಆಯಿತಲ್ಲ, ಹಳೇ ರಾಜಧಾನಿಗೊಂದು, ಹೊಸದಕ್ಕೊಂದು.

ಚೀಲದ ಬಗ್ಗೆ ನನಗೆ ಅನುಮಾನ ಇದೆ. ಲಂಡನ್ ಟಂಕಸಾಲೆ 325ರಲ್ಲಿ ಮುಚ್ಚಿತು. ಆಮೇಲೆ ಬ್ರಿಟನ್ನಿಗೆ ಚಿಲ್ಲರೆ ಬಂದದ್ದು ಜಾಸ್ತಿ ಟ್ರಿಯರ್, ಲಿಯಾನ್, ಆರ್ಲ್‌ನಿಂದ. ಟ್ರಿಯರ್ ತೋಳ ಇಂಗ್ಲೆಂಡಿನ ಹೊಲದಲ್ಲಿ ಮಾಮೂಲು. ನಿಮ್ಮದು ಬೆರಕೆ ಚೀಲ, ಖಂಡಿತ.

ಮಲೆನಾಡು ಮಳೆ (16:15)

ಒಂದೇ ಒಂದು ನಾಣ್ಯ ನೋಡಿ ಖಂಡಿತ ಅನ್ನುವುದು ಹೇಗೆ? ಸೈನಿಕರು ಊರೂರು ತಿರುಗುತ್ತಿದ್ದರು. ಜೇಬಿನ ಕಾಸೂ ತಿರುಗುತ್ತಿತ್ತು.

ಭೂತಗನ್ನಡಿ (16:19)

ಒಪ್ಪಿದೆ. ಖಂಡಿತ ಅನ್ನುವ ಮಾತು ವಾಪಸ್. ಆದರೆ ಚೀಲದ ಮೇಲೆ 'ಬಾಲ್ಕನ್' ಅಂತ ಬರೆದಿಡಬೇಡಿ ಮೇಡಂ. 'ಮಾರಿದವರು ಹಾಗೆ ಹೇಳಿದರು' ಅಂತ ಬರೆದಿಡಿ.

ಹಂಚಿನಮನೆ (16:50)

ನಾಲ್ಕನೆಯದು ನನಗೆ ಇಷ್ಟವಾಯಿತು. ಕುದುರೆ ಸವಾರ ಪಾಪ ಬಿದ್ದೇ ಬಿಟ್ಟಿದ್ದಾನೆ. ಯಾರು ಅವನು?

ಲ್ಯಾಟಿನ್ ಕಲಿಯುವವಳು (17:12)

ರೋಮಿನ ಶತ್ರು. ಟೊಪ್ಪಿ, ಗಡ್ಡ ನೋಡಿ ಪರ್ಷಿಯನ್ನನೋ ಬೇರೆಯವನೋ ಅಂತ ಚರ್ಚೆ ನಡೆಯುತ್ತದೆ. ಬರಹ 'ಫೆಲ್ ಟೆಂಪ್ ರೆಪರೇಷಿಯೋ', ಸುಖದ ದಿನಗಳು ಮರಳಿದವು ಎಂಬ ಅರ್ಥ. 348ರಲ್ಲಿ ಶುರುವಾಯಿತು, ರೋಮಿಗೆ ಸಾವಿರದ ನೂರು ವರ್ಷ ತುಂಬಿದ ಹೊತ್ತು. ಸುಖದ ದಿನ ಅಂತ ಬರೆದು ಈಟಿಯಲ್ಲಿ ಚುಚ್ಚುವ ಚಿತ್ರ ಹಾಕಿದ್ದಾರೆ. ನನಗೆ ಇದು ಯಾವಾಗಲೂ ಬೇಸರ ತರಿಸುತ್ತದೆ.

ರಾಜ ಯಾರು ಅನ್ನುವುದಕ್ಕೆ ಹೆಸರಿನ ಬಾಲ ನೋಡಿ. 'ಕಾನ್‌ಸ್ಟಾನ್' ಆದಮೇಲೆ ಬರೀ ಎಸ್ ಇದ್ದರೆ ಕಾನ್‌ಸ್ಟಾನ್ಸ್. 'ಟಿಯಸ್' ಇದ್ದರೆ ಕಾನ್‌ಸ್ಟಾಂಟಿಯಸ್. 'ಟಿನಸ್' ಇದ್ದರೆ ಕಾನ್‌ಸ್ಟಾಂಟೈನ್. ಅಪ್ಪ ಮಕ್ಕಳಿಗೆಲ್ಲ ಒಂದೇ ಥರ ಹೆಸರಿಟ್ಟು ನಮಗೆ ಕೆಲಸ ಕೊಟ್ಟಿದ್ದಾನೆ.

ತೂಕದಕಲ್ಲು (17:25)

ನಾಲ್ಕನೆಯದಕ್ಕೆ ಹೆಸರು ಓದದಿದ್ದರೂ ನಡೆಯುತ್ತದೆ. 18 ಮಿಲಿಮೀಟರ್ ಅಂದರೆ ಸಣ್ಣ ಬಗೆ. ಶುರುವಿನಲ್ಲಿ ಈ ಸವಾರನ ನಾಣ್ಯ ದೊಡ್ಡದಾಗಿತ್ತು. ಸಣ್ಣದು 353ರ ಆಸುಪಾಸಿನಿಂದ. ಅಷ್ಟರಲ್ಲಿ ಕಾನ್‌ಸ್ಟಾನ್ಸ್ ಸತ್ತು ಮೂರು ವರ್ಷ. ಸೀಸರ್‌ಗಳಾದ ಗ್ಯಾಲಸ್, ಜೂಲಿಯನ್ ಇಬ್ಬರದೂ ಬರಿತಲೆ. ನಿಮ್ಮದರಲ್ಲಿ ತಲೆಗೆ ಮುತ್ತಿನ ಪಟ್ಟಿ ಇದೆ. ಹಾಗಾಗಿ ಎರಡನೇ ಕಾನ್‌ಸ್ಟಾಂಟಿಯಸ್.

ಮಲೆನಾಡು ಮಳೆ (17:33)

ಜೂಲಿಯನ್ ಅಂದರೆ ಗಡ್ಡ. ಗಡ್ಡ ಇದ್ದರೆ ಜೂಲಿಯನ್ ಅಂತ ಕಣ್ಣುಮುಚ್ಚಿ ಹೇಳಬಹುದು.

ತೂಕದಕಲ್ಲು (17:37)

ಹೇಳಲಾಗದು ಸರ್. ಸೀಸರ್ ಆಗಿದ್ದಾಗ ಜೂಲಿಯನ್ನಿಗೆ ನಾಣ್ಯದಲ್ಲಿ ಗಡ್ಡವೇ ಇಲ್ಲ. 350ರ ವೆಟ್ರಾನಿಯೋಗೆ ಗಡ್ಡ ಇದೆ, 365ರಲ್ಲಿ ದಂಗೆ ಎದ್ದ ಪ್ರೊಕೋಪಿಯಸ್‌ಗೂ ಇದೆ. ಡಯೊಕ್ಲೀಷಿಯನ್ ಕಾಲದವರೆಲ್ಲ ಗಡ್ಡದವರೇ.

ಕಾಸಿನಸರ (18:20)

ಒಂದು ಸಣ್ಣ ಅನುಮಾನ. ಎಲ್ಲ ಕಡೆ 'ಎ ಇ 3', 'ಎ ಇ 4' ಅಂತ ಬರೆಯುತ್ತಾರಲ್ಲ, ಅದು ನಾಣ್ಯದ ಹೆಸರಾ?

ತೂಕದಕಲ್ಲು (18:26)

ಅಲ್ಲ. ಅದು ಸಂಗ್ರಹಕಾರರ ಅಳತೆ. 17ರಿಂದ 21 ಮಿಲಿಮೀಟರ್ ಇದ್ದರೆ 3, ಅದಕ್ಕಿಂತ ಚಿಕ್ಕದು 4. ಮೂಲ ಹೆಸರು ಬಹುಪಾಲು ಗೊತ್ತಿಲ್ಲದ್ದಕ್ಕೆ ಹೀಗೆ. ಕೆಲವರು ಎಲ್ಲವನ್ನೂ 'ನಮ್ಮಸ್' ಅನ್ನುತ್ತಾರೆ.

ಯಾರ್ಕ್‌ಷೈರ್ ಕನ್ನಡತಿ (ಬುಧವಾರ, ರಾತ್ರಿ 9:05)

ಪುಟ್ಟ ತಕ್ಕಡಿ ಬಂತು. ಎರಡು ಬಾವುಟದ್ದು 2.4 ಗ್ರಾಂ. ಒಂದು ಬಾವುಟದ್ದು 1.5. ನೀವು ಹೇಳಿದ ಹಾಗೇ ಬಂದಾಗ ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿದೆ. ತೋಳ 2.2, ಸವಾರ 2.3, ಕೊನೆಯ ಪುಟಾಣಿ 1.1.

ಆ ಪುಟಾಣಿಯದ್ದೇ ಈಗ ಚಿಂತೆ. ದೇವತೆಯ ಎಡಕ್ಕೆ ಶಿಲುಬೆಯಂಥ ಗುರುತು ಇದೆ, ಮೇಲ್ತುದಿಯಲ್ಲಿ ಸಣ್ಣ ಕೊಂಡಿ. ಯಜಮಾನರು ಅದನ್ನು ಏಂಜಲ್ ಅನ್ನುತ್ತಿದ್ದಾರೆ.

ಭೂತಗನ್ನಡಿ (9:22)

ಏಂಜಲ್ ಅಲ್ಲ, ಹಳೇ ವಿಜಯದೇವತೆಯೇ, ವಿಕ್ಟೋರಿಯಾ. ಭುಜದ ಮೇಲೆ ಗೆದ್ದ ಆಯುಧಗಳ ಹೊರೆ, ಕೈಯಲ್ಲಿ ಸೆರೆಯಾಳಿನ ಜುಟ್ಟು. ಪಕ್ಕದ ಗುರುತು ಗ್ರೀಕಿನ ಟಾವ್ ಮತ್ತು ರೋ ಅಕ್ಷರ ಸೇರಿಸಿ ಬರೆದ ಶಿಲುಬೆ. ದೇವತೆ ಹಳೇ ಧರ್ಮದ್ದು, ಗುರುತು ಹೊಸ ಧರ್ಮದ್ದು, ಎರಡೂ 12 ಮಿಲಿಮೀಟರ್ ಒಳಗೆ. ಬರಹ 'ಸಾಲುಸ್ ರೇಪುಬ್ಲಿಕೇ', ರಾಜ್ಯದ ಕ್ಷೇಮ. ಶುರುವಾದದ್ದು 388ರಲ್ಲಿ.

ರಾಜ ನಾಲ್ವರಲ್ಲಿ ಒಬ್ಬ: ಎರಡನೇ ವ್ಯಾಲೆಂಟಿನಿಯನ್, ಥಿಯೊಡೋಸಿಯಸ್, ಆರ್ಕೇಡಿಯಸ್, ಹೊನೋರಿಯಸ್. ಮುಂಬದಿಯಲ್ಲಿ ಒಂದಾದರೂ ಅಕ್ಷರ ಬೇಕು.

ನೊಯ್ಯಲ್ ದಡ (9:40)

ಇದೇ ಚಿತ್ರ ನಮ್ಮ ಕರೂರಿನಲ್ಲೂ ಬರುತ್ತದೆ! ಯಾರ್ಕ್‌ಷೈರ್ ಟೇಬಲ್ ಮೇಲೆ ನೋಡಿ ಖುಷಿಯಾಯಿತು ಅಕ್ಕಾ.

ಯಾರ್ಕ್‌ಷೈರ್ ಕನ್ನಡತಿ (ಮೂರು ವಾರದ ನಂತರ, ಭಾನುವಾರ, ಸಂಜೆ 4:48)

ಡಿಸ್ಟಿಲ್ಡ್ ವಾಟರ್ ಎಂಟು ಸಲ ಬದಲಿಸಿದೆ. ಇವತ್ತು ಹಲ್ಲುಕಡ್ಡಿ ತಾಗಿಸಿದಾಗ ಒಂದು ಹೆಕ್ಕಳಿಕೆ ಮಣ್ಣು ಎದ್ದಿತು. ಹಣೆಯ ಮುಂದೆ, ಅಂಚಿನ ಬಳಿ ಎರಡು ಅಕ್ಷರ ಬಂದಿವೆ: 'ವಿ ಎಸ್'. ಅದು ಎಲ್ಲರಿಗೂ ಇರುತ್ತದೆ ಅಂತ ಗೊತ್ತು. ಆದರೆ ತಲೆಯ ಹಿಂಬದಿಗೆ, ಬರಹ ತುಂಡಾಗುವ ಜಾಗದಲ್ಲಿ 'ಡಿ ಐ' ಕಾಣುತ್ತಿದೆ. ಹೊಸ ಫೋಟೋ ನೋಡಿ. ಕೆಳಗಿನ ಟಂಕಸಾಲೆ ಗುರುತು ಬಿಲ್ಲೆಯ ಹೊರಗೇ ಹೋಗಿದೆ, ಅಚ್ಚು ಪೂರ್ತಿ ಬಿದ್ದಿಲ್ಲ.

ಲ್ಯಾಟಿನ್ ಕಲಿಯುವವಳು (4:55)

ಆರ್ಕೇಡಿಯಸ್! ಥಿಯೊಡೋಸಿಯಸ್ ಆಗಿದ್ದರೆ ಬಾಲದಲ್ಲಿ 'ಎಸ್ ಐ' ಬರಬೇಕು. ಹೊನೋರಿಯಸ್ ಆದರೆ 'ಆರ್ ಐ'. ವ್ಯಾಲೆಂಟಿನಿಯನ್ ಆದರೆ 'ಎನ್'. 'ಡಿ ಐ' ಆದಮೇಲೆ 'ವಿ ಎಸ್' ಬರುವವನು ಈ ನಾಲ್ವರಲ್ಲಿ ಅವನೊಬ್ಬನೇ.

ಭೂತಗನ್ನಡಿ (5:01)

ಒಪ್ಪಿದೆ. ಆರ್ಕೇಡಿಯಸ್, ಸಾಲುಸ್ ರೇಪುಬ್ಲಿಕೇ, 388ರಿಂದೀಚೆ, ಟಂಕಸಾಲೆ ತಿಳಿಯದು. ಹಾಗೇ ಬರೆದಿಡಿ.

ಯಾರ್ಕ್‌ಷೈರ್ ಕನ್ನಡತಿ (5:20)

ಬರೆದಿಟ್ಟೆ. ಐದಕ್ಕೂ ಒಂದೊಂದು ಕಾಗದದ ಲಕೋಟೆ, ತೂಕ, ಅಗಲ ಸಮೇತ. ಉಳಿದ ಹದಿನೈದನ್ನೂ ಇವತ್ತೇ ನೀರಿಗೆ ಹಾಕಿದ್ದೇನೆ.

ಹಂಚಿನಮನೆ (5:34)

ಹದಿನೈದರ ಫೋಟೋ ಬಂದಾಗ ಇಲ್ಲೇ ಹಾಕಿ. ಈ ಸಲ ಮೊದಲು ಹಿಂಬದಿ ನೋಡುತ್ತೇನೆ.